ಊರ ಹೆಸರಿಲ್ಲದ ಮಲ್ಲಿಗೆ

ಸಂಜೆ ಹಂಡೆಗೆ ಉರಿ ಹಾಕಿದಾಗ ಏಳುವ ತೆಂಗಿನ ಗರಿಯ ಹೊಗೆ, ಬಚ್ಚಲಿನಿಂದ ಹರಿದು ಬರುವ ಸೀಗೆಪುಡಿಯ ನೀರು, ಅದರ ಪಕ್ಕದಲ್ಲೇ ಬಿರಿಯುತ್ತಿರುವ ಏಳು ಸುತ್ತಿನ ಮಲ್ಲಿಗೆ. ಈ ಮೂರೂ ಒಟ್ಟಿಗೆ ಮೂಗಿಗೆ ಬಡಿದರೆ ನಾನು ಎಲ್ಲೇ ಇರಲಿ, ಮದ್ದೂರಿನ ಹತ್ತಿರ ಹೆದ್ದಾರಿಯ ಪಕ್ಕದಲ್ಲಿದ್ದ ನಮ್ಮ ಹೆಂಚಿನ ಮನೆಯ ಹಿತ್ತಲಿಗೆ ಹೋಗಿಬಿಡುತ್ತೇನೆ. ಆ ಮನೆ ಈಗ ಇಲ್ಲ. ರಸ್ತೆ ಅಗಲ ಮಾಡಿದಾಗ ಮನೆಯ ಜೊತೆ ಹಿತ್ತಲೂ ಹೋಯಿತು. ಗೆಜ್ಜಲಗೆರೆಗೆ ಕೆಲಸಕ್ಕೆ ಬೈಕಿನಲ್ಲಿ ಹೋಗುವಾಗ ಒಂದು ಕಡೆ ಬಂದರೆ, ಇಲ್ಲೇ ಅಲ್ಲವೇ ಅಕ್ಕನ ಕನಕಾಂಬರದ ಪಾತಿ ಇದ್ದದ್ದು ಎನ್ನಿಸಿ ಬೈಕು ತಾನಾಗಿ ನಿಧಾನವಾಗುತ್ತದೆ. ಹಿಂದಿನ ಲಾರಿಯವನು ಹಾರನ್ ಹೊಡೆದು ಬೈದುಕೊಂಡು ಹೋಗುತ್ತಾನೆ. ಅವನಿಗೇನು ಗೊತ್ತು.

ಅವ್ವ ತೀರಿಕೊಂಡಾಗ ನಾನು ಇನ್ನೂ ಶಾಲೆಗೆ ಸೇರಿರಲಿಲ್ಲ. ಅಕ್ಕ ಪುಟ್ಟತಾಯಿಗೆ ಆಗತಾನೆ ಸೀರೆ ಉಡುವ ವಯಸ್ಸು. ಅಪ್ಪ ಕಬ್ಬಿನ ಗದ್ದೆಯಲ್ಲೇ ಇರುತ್ತಿದ್ದ, ಹಾಗಾಗಿ ನನ್ನ ತಲೆಗೆ ಎಣ್ಣೆ ಹಚ್ಚಿದ್ದು, ಮುದ್ದೆ ಮುರಿದು ನುಂಗುವುದನ್ನು ಕಲಿಸಿದ್ದು, ಜ್ವರ ಬಂದರೆ ಮಡಿಲಲ್ಲಿ ಮಲಗಿಸಿಕೊಂಡದ್ದು ಎಲ್ಲ ಅವಳೇ. ನಿಮ್ಮ ಮನೆಯಲ್ಲೂ ಅಂಥವಳೊಬ್ಬಳು ಇದ್ದಿರಬಹುದು. ನಮ್ಮ ಅಕ್ಕನಿಗೆ ನನ್ನ ನಂತರ ಜೀವ ಎಂದರೆ ಹೂವಿನ ಗಿಡ. ಯುಗಾದಿ ಹೊತ್ತಿಗೆ ಮಲ್ಲಿಗೆ ಮೊಗ್ಗು ಕಟ್ಟುತ್ತಿತ್ತು. ಮಳೆ ಹಿಡಿದ ಮೇಲೆ, ಬೂದಿಯಲ್ಲಿ ಮುಚ್ಚಿಟ್ಟಿದ್ದ ಡೇರೆ ಗೆಡ್ಡೆಗಳು ಮಣ್ಣಿಗಿಳಿದು ಊಟದ ತಟ್ಟೆಯಷ್ಟಗಲದ ಹೂ ಬಿಡುತ್ತಿದ್ದವು. ಗೌರಿ ಹಬ್ಬಕ್ಕೆ ಕರ್ಣಕುಂಡಲ, ಆಯುಧಪೂಜೆಗೆ ಚೆಂಡುಹೂ, ಚಳಿ ಬಿದ್ದರೆ ಸೇವಂತಿಗೆ. ಮನೆಗೆ ಬಂದ ಯಾವ ಹೆಂಗಸೂ ಬರಿ ತಲೆಯಲ್ಲಿ ವಾಪಸು ಹೋದದ್ದು ನಾನು ಕಂಡಿಲ್ಲ. ತರಕಾರಿ ಮಾರಲು ಬಂದವಳಿಗೂ ಒಂದು ಮೊಳ ಕೊಟ್ಟೇ ಕಳಿಸುತ್ತಿದ್ದಳು.

ಈ ಗಿಡಗಳಲ್ಲಿ ಮುಕ್ಕಾಲು ಪಾಲು ಕದ್ದವು. ಹೀಗೆ ಬರೆಯಲು ಸಂಕೋಚವಾಗುತ್ತಿದೆ, ಆದರೆ ನಮ್ಮ ಕಡೆ ಇದನ್ನು ಯಾರೂ ಕಳ್ಳತನದ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಕೇಳಿ ತಂದ ಕಡ್ಡಿ ಒಣಗುತ್ತದೆ, ಹೇಳದೆ ತಂದದ್ದು ಬೇರು ಬಿಡುತ್ತದೆ ಎಂದು ಅಕ್ಕ ಮನಸಾರೆ ನಂಬಿದ್ದಳು. ವರ್ಷಕ್ಕೊಂದೆರಡು ಸಲ ನಾವು ದೇವಸ್ಥಾನಕ್ಕೋ ನೆಂಟರ ಮನೆಗೋ ಹೋದರೆ, ಅವಳು ದೇವರಿಗೆ ಕೈ ಮುಗಿಯುವ ಮೊದಲೇ ಸುತ್ತಮುತ್ತಲ ಕಾಂಪೌಂಡುಗಳನ್ನು ನೋಡಿ ಮುಗಿಸುತ್ತಿದ್ದಳು. ಬೀದಿಯ ತುದಿಯಲ್ಲಿ ನಿಂತು ಕಾವಲು ಕಾಯುವುದು ನನ್ನ ಕೆಲಸ. ಮನೆಯವರು ಯಾರಾದರೂ ಕಂಡರೆ, "ಅಕ್ಕಾ, ಬಸ್ ಬಂತು" ಎಂದು ಕೂಗಬೇಕು. ಬಸ್ಸು ಬರುವ ಬೀದಿಯೇ ಆಗಿರಬೇಕೆಂದಿಲ್ಲ. ಒಮ್ಮೆ ತಲಕಾಡಿನಲ್ಲಿ ಮರಳಿನ ಮಧ್ಯೆ ನಿಂತು ಹಾಗೆ ಕೂಗಿ, ಕೇಳಿದವರನ್ನೆಲ್ಲ ನಗಿಸಿದ್ದೆ. ತಂದ ಕಡ್ಡಿಯನ್ನು ಅಕ್ಕ ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು. ಹತ್ತಿದ ಗಿಡಕ್ಕೆ ಊರಿನ ಹೆಸರು. ಮೇಲುಕೋಟೆ ಕಣಗಿಲೆ, ತಲಕಾಡು ದಾಸವಾಳ, ನಂಜನಗೂಡು ನಂದಿಬಟ್ಟಲು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಈ ನಾಡಿನ ಊರುಗಳು ನನಗೆ ಗೊತ್ತಾದದ್ದು ಆ ಹಿತ್ತಲಿನಲ್ಲಿ ಓಡಾಡಿ.

ಒಂದು ಗಿಡಕ್ಕೆ ಮಾತ್ರ ಅಕ್ಕ ಊರ ಹೆಸರು ಇಡಲಿಲ್ಲ. ಅದು ನನ್ನಿಂದಾಗಿ.

ನನ್ನ ಶಾಲೆಯ ಕೊನೆಯ ವರ್ಷ. ಮಳವಳ್ಳಿ ಆಚೆ ಇದ್ದ ಅತ್ತೆಯ ಊರಿನಿಂದ ನಾವಿಬ್ಬರೂ ವಾಪಸು ಬರುತ್ತಿದ್ದೆವು. ಮಳವಳ್ಳಿಯಲ್ಲಿ ಇಳಿದು ಮದ್ದೂರು ಬಸ್ಸಿಗೆ ಕಾಯಬೇಕಿತ್ತು. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಒಂದು ಮನೆಯ ಗೇಟಿನ ಕಂಬದ ಮೇಲೆ ಮಲ್ಲಿಗೆ ಹಬ್ಬಿತ್ತು. ದಳದೊಳಗೆ ದಳ ಸುತ್ತಿಕೊಂಡ ದಪ್ಪ ಹೂ. ಅಕ್ಕ ನಿಂತೇಬಿಟ್ಟಳು. "ನೋಡ್ಲಾ ಚಿಕ್ಕೋನೆ, ಏಳು ಸುತ್ತಿಂದು. ನೀ ಅಲ್ ನಿಂತ್ಕೊ, ಒಂದೇ ಗಳಿಗೆ" ಎಂದಳು. ನಾನು ತಿರುವಿನಲ್ಲಿ ನಿಂತೆ. ಅಷ್ಟರಲ್ಲಿ ಎದುರಿಗೆ ನನ್ನ ಕ್ಲಾಸಿನ ಶಿವಲಿಂಗ, ಅವನ ಮಾವನ ಮಗನ ಜೊತೆ ಮದ್ದೂರು ಬಸ್ಸಿಗೆಂದು ಬಂದ. ಪಕ್ಕದೂರಿನವನು, ನಮ್ಮ ಮನೆಯವರನ್ನು ಕಂಡವನಲ್ಲ. ಇಬ್ಬರೂ ಪ್ಯಾಂಟು ಹಾಕಿದ್ದರು. ಶಿವಲಿಂಗನ ಕೈಯಲ್ಲಿ ವಾಚು ಬೇರೆ. ಅವನು ಮಾತಿಗೆ ನಿಂತ. ಆ ಮನೆಯ ಬಾಗಿಲು ತೆಗೆದದ್ದನ್ನು ನಾನು ಕಂಡೆ. ಕೂಗಬೇಕಿತ್ತು. ಹರಿದ ಚಪ್ಪಲಿ, ಮಾಸಿದ ಸೀರೆಯಲ್ಲಿ ಪರರ ಗೇಟು ಹಿಡಿದು ನಿಂತವಳನ್ನು ಇವರ ಮುಂದೆ ಅಕ್ಕಾ ಎಂದು ಕರೆಯಲು ನನಗೆ ಬಾಯಿ ಬರಲಿಲ್ಲ.

ಮನೆಯ ಯಜಮಾನಿ ಅಕ್ಕನ ರಟ್ಟೆ ಹಿಡಿದುಕೊಂಡಿದ್ದರು. "ದಿನಾ ಹೂವು ಓಯ್ತಿದ್ದದ್ದು ನಿಂದೇ ಕೆಲ್ಸ ಅನ್ನು. ಎಲ್ಲಿ ನಿನ್ ಕಡೆಯೋರು? ಯಾರ್ ಜತೆ ಬಂದಿದ್ದೀಯ?" ಎಂದು ಬೀದಿಗೆಲ್ಲ ಕೇಳುವಂತೆ ಗದರಿದರು. ಜನ ಸೇರಿತು. ಅಕ್ಕ ತಲೆ ಎತ್ತಿ ನನ್ನನ್ನು ನೋಡಿದಳು.

"ಯಾರ್ಲಾ ಅವ್ಳು? ನಿನ್ನೇ ನೋಡ್ತಾವ್ಳೆ" ಎಂದ ಶಿವಲಿಂಗ.

"ಯಾವ್ಳೋ. ನಂಗೊತ್ತಿಲ್ಲ ಕಣ್ಲಾ" ಎಂದೆ.

ಬೀದಿ ಅಗಲವಾದದ್ದೇನಲ್ಲ. ಅಕ್ಕನಿಗೆ ಕೇಳಿಸಿತು. ಅವಳು ಯಜಮಾನಿಯ ಕಡೆ ತಿರುಗಿ, "ಯಾರೂ ಇಲ್ಲ ಕಣಮ್ಮ, ಒಬ್ಳೇ ಬಂದೆ. ತಪ್ಪಾಯ್ತು ಬುಡಿ" ಎಂದಳು. ಅವರು ಅವಳ ಕೈಯಲ್ಲಿದ್ದ ಕಡ್ಡಿಯನ್ನು ಕಿತ್ತು ಚರಂಡಿಗೆ ಎಸೆದು ಗೇಟು ಹಾಕಿಕೊಂಡರು.

ಬಸ್ಸಿನಲ್ಲಿ ಅವಳು ಮುಂದೆ ಕೂತಳು, ನಾನು ಹಿಂದೆ ಅವರಿಬ್ಬರ ಜೊತೆ. ಕಂಡಕ್ಟರು ಬಂದಾಗ ಬರಿ ಜೇಬು ಮುಟ್ಟಿಕೊಂಡೆ. ಇಬ್ಬರ ಬಸ್ ಚಾರ್ಜೂ ಅಕ್ಕನ ಸೆರಗಿನ ಗಂಟಿನಲ್ಲಿತ್ತು. "ನಿಂದು ಆಯ್ತು ಕಣಪ್ಪ, ಮುಂದೆ ಆ ಎಣ್ಮಗ್ಳು ತಗೊಂಡವ್ಳೆ" ಎಂದು ಕಂಡಕ್ಟರು ಮುಂದೆ ಹೋದರು. ಶಿವಲಿಂಗ ಅಕ್ಕನ ಬೆನ್ನು ನೋಡಿದ, ನನ್ನ ಮುಖ ನೋಡಿದ. ಮದ್ದೂರು ಬರುವವರೆಗೂ ಅವನು ಕಿಟಕಿಯಾಚೆಯೇ ನೋಡುತ್ತಿದ್ದ.

ಇಳಿದ ಮೇಲೆ ಊರಿನ ದಾರಿಯುದ್ದಕ್ಕೂ ಬೈಗುಳಕ್ಕೆ ಕಾದೆ. ಅಕ್ಕ ನನ್ನ ಕೈಯಲ್ಲಿದ್ದ ಬ್ಯಾಗು ಭಾರವೇ ಎಂದು ಕೇಳಿದಳು, ಅಷ್ಟೇ. ಮನೆಗೆ ಬಂದವಳು ತುರುಬು ಬಿಚ್ಚಿದಳು. ಒಳಗಿನಿಂದ ಗೇಣುದ್ದದ ಮಲ್ಲಿಗೆ ಕಡ್ಡಿ ಜಾರಿ ನೆಲಕ್ಕೆ ಬಿತ್ತು. ಮೊದಲು ಮುರಿದದ್ದನ್ನು ಅಲ್ಲಿ ಸಿಕ್ಕಿಸಿಕೊಂಡು, ಎರಡನೆಯದಕ್ಕೆ ಕೈ ಹಾಕಿದಾಗ ಸಿಕ್ಕಿಬಿದ್ದಿದ್ದಳು. ಅಪ್ಪ ನಕ್ಕುಬಿಟ್ಟ. "ಇದ್ಯಾವೂರ ಮಾಲು ಕಣಮ್ಮಿ?" ಎಂದ.

"ಯಾವೂರಾದ್ರೇನು ಬುಡಪ್ಪ. ಚಿಕ್ಕೋನು ಕಾವ್ಲು ಕಾದ, ನಾನು ಮುರ್ಕೊಂಡೆ" ಎಂದಳು ಅಕ್ಕ.

"ಅಕ್ಕ ತಮ್ಮ ಇಬ್ರೂ ಒಂದಿನ ಜೈಲಿಗೋಯ್ತೀರಿ ಕಣ್ರೋ" ಎಂದು ಅಪ್ಪ ನಗುತ್ತಲೇ ಕೈಕಾಲು ತೊಳೆಯಲು ಹೋದ. ಅಕ್ಕ ಬಚ್ಚಲ ನೀರು ಹೊರಬರುವ ಕಡೆ ಗುಂಡಿ ತೋಡಿ ಕಡ್ಡಿ ನೆಟ್ಟಳು. ಅದು ಹತ್ತಿತು. ಮುಂದಿನ ಬೇಸಿಗೆಗೆ ಹೂ ಬಿಟ್ಟಿತು. ಅದನ್ನು ಅವಳು ಕೊನೆಯವರೆಗೂ ಬರಿ "ಏಳು ಸುತ್ತು" ಎಂದೇ ಕರೆದಳು. ಮಳವಳ್ಳಿಯ ಹೆಸರು ನನ್ನೆದುರು ಅವಳ ಬಾಯಲ್ಲಿ ಬರಲಿಲ್ಲ.

ವೈದ್ಯನಾಥಪುರಕ್ಕೆ ಮದುವೆಯಾಗಿ ಹೋಗುವಾಗ ಎಲ್ಲ ಗಿಡಗಳ ಒಂದೊಂದು ಕಡ್ಡಿ ಒಯ್ದಳು. ನನ್ನ ಮದುವೆಯಲ್ಲಿ ಆ ಮಲ್ಲಿಗೆಯನ್ನೇ ದಂಡೆ ಕಟ್ಟಿ ನನ್ನ ಹೆಂಡತಿಯ ಜಡೆಗೆ ಮುಡಿಸಿದಳು. ರಸ್ತೆಗೆ ಜಾಗ ಬಿಟ್ಟುಕೊಡುವ ಹೊತ್ತಿಗೆ ಗುದ್ದಲಿ ಹಿಡಿದು ಬಂದು, ನನ್ನ ಹೊಸ ಮನೆಯ ಬಚ್ಚಲ ಹಿಂದೆ ಅದನ್ನು ಅವಳೇ ನೆಟ್ಟುಕೊಟ್ಟಳು. ಪ್ರತಿ ಸಲವೂ ಹೇಳಬೇಕೆಂದುಕೊಂಡೆ, ಪ್ರತಿ ಸಲವೂ ಬೇರೆ ಮಾತಾಡಿದೆ. ಹೋದ ವರ್ಷ ಮಂಡ್ಯದ ಆಸ್ಪತ್ರೆಯಲ್ಲಿ, ಅವಳ ತಣ್ಣಗಿನ ಕೈ ಹಿಡಿದು ಕಡೆಗೂ ಬಾಯಿ ತೆಗೆದೆ. "ಅಕ್ಕ, ಅವತ್ತು ಮಳವಳ್ಳೀಲಿ..."

"ಏಳು ಸುತ್ತಿಗೆ ನೀರು ಉಯ್ದೇನ್ಲಾ?" ಎಂದು ಕೇಳಿದಳು.

"ಉಯ್ದೆ ಕಣಕ್ಕ."

"ಅಷ್ಟ್ ಸಾಕು ಬುಡು" ಎಂದು ಕಣ್ಣು ಮುಚ್ಚಿಕೊಂಡಳು. ನನ್ನ ಕೈಯನ್ನು ಮಾತ್ರ ಬಿಡಲಿಲ್ಲ. ಅದಾದ ಮೇಲೆ ಅವಳು ಹೆಚ್ಚು ದಿನ ಇರಲಿಲ್ಲ.

ಅವಳಿಗೆ ಅಷ್ಟು ಸಾಕಾಗಿತ್ತು. ನನಗೆ ಸಾಕಾಗಲಿಲ್ಲ. ಈ ಸಲದ ಮಲ್ಲಿಗೆ ಬಿರಿದಾಗ, ಬೇರು ಬಿಟ್ಟ ಒಂದು ಕೊಂಬೆಯನ್ನು ಮಣ್ಣಿನ ಸಮೇತ ಒದ್ದೆ ಬಟ್ಟೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಮಳವಳ್ಳಿ ಬಸ್ಸು ಹತ್ತಿದೆ. ಮನೆ ಎರಡಂತಸ್ತಾಗಿತ್ತು, ಅಂಗಳಕ್ಕೆ ಸಿಮೆಂಟು ಬಿದ್ದಿತ್ತು. ಗೇಟಿನ ಕಂಬ ಮಾತ್ರ ಹಳೆಯದು. ಕರೆದಾಗ ಹೊರಗೆ ಬಂದವರು ಆ ಮನೆಯ ಸೊಸೆ. ಅತ್ತೆ ಹೋಗಿ ಬಹಳ ವರ್ಷವಾಯಿತು, ಸಿಮೆಂಟು ಹಾಕಿಸುವಾಗ ಮಲ್ಲಿಗೆಯೂ ಹೋಯಿತು ಎಂದರು. ಗಂಟು ಬಿಚ್ಚಿ ತೋರಿಸಿದೆ.

"ನಿಮ್ಮನೆ ಗಿಡದ್ದೇ ಕಣಮ್ಮ ಇದು. ನಮ್ಮಕ್ಕ ಕದ್ದಿದ್ಲು" ಎಂದೆ. ಆಮೇಲೆ ಹೇಳಿದೆ, "ಜತೇಲಿ ನಾನೂ ಬಂದಿದ್ದೆ."

ಆಕೆ ನಕ್ಕರು. "ಕದ್ದದ್ದ ವಾಪಸ್ ತಂದ್ಕೊಡೋ ಕಳ್ಳರನ್ನ ಈಗ್ಲೇ ಕಣಣ್ಣ ನಾನು ಕಂಡಿದ್ದು" ಎಂದು ಒಳಗಿನಿಂದ ಒಡೆದ ಬಕೆಟ್ಟು ತಂದರು. ಇಬ್ಬರೂ ಸೇರಿ ಮಣ್ಣು ತುಂಬಿ ನೆಟ್ಟೆವು. ನಾನೇ ನೀರು ಹೊಯ್ದೆ. ಕಂಬದ ಪಕ್ಕಕ್ಕೆ ಬಕೆಟ್ಟು ಸರಿಸಿ ಕೈ ಒರೆಸಿಕೊಳ್ಳುವಷ್ಟರಲ್ಲಿ ಬಸ್ ಸ್ಟ್ಯಾಂಡಿನ ಕಡೆಯಿಂದ "ಮದ್ದೂರ್, ಮದ್ದೂರ್" ಎಂಬ ಕೂಗು ಕೇಳಿಸಿತು. ತಿರುವಿನವರೆಗೆ ಹೋದವನು ನಿಂತೆ. ಅವತ್ತು ನಾನು ನಿಂತಿದ್ದ ಜಾಗ ಅದೇ. ಬೀದಿಯಲ್ಲಿ ಜನ ಇದ್ದರು. ಗೇಟಿನ ಕಡೆ ತಿರುಗಿ ಎಲ್ಲರಿಗೂ ಕೇಳುವಂತೆ ಕೂಗಿದೆ.

"ಅಕ್ಕಾ, ಬಸ್ ಬಂತು."