ಸಂಡೂರಿನ ಮನೆಯಲ್ಲಿ ಸುಟ್ಟ ಸೀರೆಗಳು

ಕೋವಿಡ್ ಗದ್ದಲ ಅಡಗಿದ ಮಾರನೆಯ ವರ್ಷದ ಬೇಸಿಗೆ. ನಾನಾಗ ಹೊಸಪೇಟೆಯಲ್ಲಿ ವಿಮಾ ಸರ್ವೇಯರ್ ಆಗಿದ್ದೆ. ನಷ್ಟವಾದ ಕಡೆ ಹೋಗಿ ಏನು ಹಾಳಾಯಿತು, ಹೇಗೆ ಹಾಳಾಯಿತು, ಅದು ಪಾಲಿಸಿಯೊಳಗೆ ಬರುತ್ತದೆಯೇ ಎಂದು ನೋಡಿ ವರದಿ ಕೊಡುವುದು ಸರ್ವೇಯರ್ ಕೆಲಸ. ಹಣ ಕೊಡುವುದು, ಬಿಡುವುದು ಕಂಪನಿಗೆ ಸೇರಿದ್ದು. ಕಂಪ್ಲಿಯ ಅಕ್ಕಿ ಗಿರಣಿಗಳು, ಅದಿರು ಲಾರಿಗಳು ನನಗೆ ರೂಢಿಯಾಗಿದ್ದವು. ಮನೆಗಳು ಅಪರೂಪ.

ಈ ಮನೆ ಸಂಡೂರಿನಲ್ಲಿತ್ತು. ಮನೆಯೊಡತಿ ಅನ್ನಪೂರ್ಣಾಗೆ ನಲವತ್ತರ ಆಸುಪಾಸು. ಗಂಡ ವೀರೇಶ ಅದಿರು ಲಾರಿ ಓಡಿಸುತ್ತಿದ್ದ. ಆಕೆ ಮುಂದಿನ ಕೋಣೆಯಲ್ಲಿ ಕೂತು ಸೀರೆಗಳಿಗೆ ಕುಚ್ಚು ಕಟ್ಟುತ್ತಿದ್ದಳು, ಫಾಲ್ ಹೊಲಿಯುತ್ತಿದ್ದಳು. ಬೋರ್ಡ್ ಏನೂ ಇರಲಿಲ್ಲ. ಒಬ್ಬರಿಂದ ಒಬ್ಬರಿಗೆ ಸುದ್ದಿ ಮುಟ್ಟಿ, ಮದುವೆ ಕಾಲದಲ್ಲಿ ಆ ಕೋಣೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲವಂತೆ. ಒಂದು ಮಧ್ಯಾಹ್ನ ದಾರ ತರಲೆಂದು ಆಕೆ ಪೇಟೆಗೆ ಹೋಗಿದ್ದಾಗ ಇನ್ವರ್ಟರಿನ ವೈರಿಂಗ್ ಶಾರ್ಟ್ ಆಗಿ ಪಕ್ಕದ ಸೀರೆಗಳಿಗೆ ಬೆಂಕಿ ಹತ್ತಿತು. ಓಣಿಯವರು ನೀರು ಹಾಕಿ ಒಳಮನೆ ಉಳಿಸಿದರು. ಮುಂದಿನ ಕೋಣೆ ಉಳಿಯಲಿಲ್ಲ.

ನಾನು ಹೋದಾಗ ಕೂದಲು ಸುಟ್ಟಂಥ ವಾಸನೆ ಇನ್ನೂ ಇತ್ತು. ರೇಷ್ಮೆ ಸುಟ್ಟರೆ ಹಾಗೇ. ಅನ್ನಪೂರ್ಣಾ ಅಳುತ್ತಿರಲಿಲ್ಲ. ಕೇಳಿದ್ದಕ್ಕೆಲ್ಲ ಬಸ್ಸಿನ ವೇಳೆ ಹೇಳುವವರ ಹಾಗೆ ಉತ್ತರ ಕೊಟ್ಟಳು.

ಪಾಲಿಸಿ ಮನೆ ಸಾಲದ ಜೊತೆ ಬ್ಯಾಂಕಿನವರು ಮಾಡಿಸಿದ್ದು. ಕಟ್ಟಡಕ್ಕೆ, ಮನೆಯವರ ಸ್ವಂತ ಪಾತ್ರೆ, ಟಿವಿ, ಬಟ್ಟೆಬರೆಗೆ ರಕ್ಷಣೆ ಇತ್ತು. ದುಡಿಮೆಗೆಂದು ಮನೆಯಲ್ಲಿಟ್ಟದ್ದಕ್ಕೆ, ಬೇರೆಯವರು ನಂಬಿ ಒಪ್ಪಿಸಿದ್ದಕ್ಕೆ ಇರಲಿಲ್ಲ. ಹೀಗೆ ಹೊರಗಿಡುವ ಷರತ್ತನ್ನು ನಾವು ಎಕ್ಸ್‌ಕ್ಲೂಷನ್ ಎನ್ನುತ್ತೇವೆ. ಸುಟ್ಟ ಸೀರೆ ಆಕೆಯದಾದರೆ ಹಣ ಬರುತ್ತಿತ್ತು, ಗಿರಾಕಿಯದಾದರೆ ಇಲ್ಲ. ಬೂದಿಯಲ್ಲಿ ಆ ವ್ಯತ್ಯಾಸ ಕಾಣುವುದಿಲ್ಲ. ಕೇಳಲೇಬೇಕು.

“ಈ ಸೀರೆಗಳು ಯಾರವು?” ಎಂದೆ.

“ನಮ್ಮವೇರಿ ಮೇಡಂ,” ಎಂದ ವೀರೇಶ, ಹೆಂಡತಿ ಬಾಯಿ ತೆರೆಯುವ ಮೊದಲೇ. “ಎಲ್ಲಾ ಮನಿಯವು. ಮದುವ್ಯಾಗ ಬಂದಿದ್ವು, ಆಕಿ ತವರುಮನ್ಯಾಗ ಕೊಟ್ಟಿದ್ವು.”

ಅನ್ನಪೂರ್ಣಾ ನೆಲ ನೋಡುತ್ತಿದ್ದಳು. “ಅಲ್ಲರಿ,” ಎಂದಳು. “ಅದ್ರಾಗ ಒಂದೂ ನಂದಲ್ಲ.”

“ನೀ ಸುಮ್ಕಿರು. ಬಂದ ರೊಕ್ಕದಾಗ ಅವರಿಗೇ ಹೊಸಾವು ಕೊಡ್ಸಾಣಂತ.”

“ನನ್ನವು ಅಂತ ಬರ್ಸಿ, ನಾಳೆ ಅವರ ಮುಂದ ಹ್ಯಾಂಗ ನಿಂದರ್ಲಿ? ನಮ್ಮ ಸೀರಿ ನಿನ್ನವು ಯಾವಾಗ ಆದ್ವು ಅಂದ್ರ ಏನ್ ಹೇಳ್ಲಿ?”

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ವೀರೇಶ ಎದ್ದು ಹೊರಗೆ ಹೋದ. ಆಕೆ ಹೇಳಿದ್ದನ್ನು ಹಾಗೇ ಬರೆದುಕೊಂಡೆ.

ವರದಿಗೆ ಗಿರಾಕಿಗಳ ಹೇಳಿಕೆ ಬೇಕಿತ್ತು. ಆಕೆಯೂ ಅವರಿಗೆ ಸುದ್ದಿ ಮುಟ್ಟಿಸಬೇಕಿತ್ತು. ಇಬ್ಬರೂ ಕೂಡಿಯೇ ಹೋದೆವು. ಒಂದು ಮನೆಯಲ್ಲಿ ಓಣಿಗೆಲ್ಲ ಕೇಳುವಂತೆ ಬೈದರು. ಇನ್ನೊಂದರಲ್ಲಿ ಬಾಗಿಲಲ್ಲೇ ನಿಲ್ಲಿಸಿದರು. ಎರಡು ಕಡೆಯೂ ಆಕೆ ಮಾತು ಮುಗಿಯುವವರೆಗೆ ನಿಂತು ಕೇಳಿ, “ಬರ್ತೀನ್ರಿ” ಎಂದು ಹೊರಟಳು.

ಕೊನೆಗೆ ಹೋದದ್ದು ಯಶವಂತನಗರದ ಗೌರಮ್ಮನ ಮನೆಗೆ. ತೀರಿಕೊಂಡ ಮಗಳ ಮದುವೆ ಸೀರೆಯನ್ನು ಮೊಮ್ಮಗಳ ಮದುವೆಯಲ್ಲಿ ಉಡಿಸಬೇಕೆಂದು, ಹಳೆಯ ಕುಚ್ಚು ಬಿಚ್ಚಿ ಹೊಸದು ಕಟ್ಟಲು ಆ ಮುದುಕಿ ಕೊಟ್ಟಿದ್ದಳು.

“ಎಲ್ಲಾ ಹೋತೇನವಾ?” ಎಂದು ಕೇಳಿದಳು.

“ಹೂಂರಿ ಅಮ್ಮಾರ. ಈಟು ಉಳದೈತಿ.” ಅನ್ನಪೂರ್ಣಾ ಚೀಲದಿಂದ ಪ್ಲಾಸ್ಟಿಕ್ ಕವರ್ ತೆಗೆದಳು. ಒಳಗೆ ಅಂಗೈಯಗಲದ ಜರಿ ಅಂಚು, ಸುತ್ತ ಕಪ್ಪಾಗಿ ಮುರುಟಿತ್ತು. ಆಕೆ ಅದನ್ನು ಹುಷಾರಾಗಿ ತೊಳೆದು ಒಣಗಿಸಿ ತಂದಿದ್ದಳು.

ಗೌರಮ್ಮ ಕನ್ನಡಕ ಹಾಕಿಕೊಂಡು ಬಾಗಿಲ ಬೆಳಕಿಗೆ ಹೋಗಿ, ಆಚೆ ಈಚೆ ತಿರುಗಿಸಿ ನೋಡಿದಳು.

“ಇದು ನಮ್ಮದಲ್ಲವಾ,” ಎಂದಳು. “ನಮ್ಮದಕ್ಕ ಹಂಸ ಇದ್ವು.”

ಅನ್ನಪೂರ್ಣಾ ತುಂಡನ್ನು ತೆಗೆದುಕೊಂಡು ಮತ್ತೆ ಕವರಿನಲ್ಲಿ ಹಾಕಿದಳು. ರಸ್ತೆಯಲ್ಲಿ ಲಾರಿ ಹೋಗಿ ಕಿಟಕಿಯ ಗಾಜು ಅದುರಿತು. ಗೌರಮ್ಮ ಹೇಳಿಕೆಗೆ ಹೆಬ್ಬೆಟ್ಟು ಒತ್ತಿ, ಒಳಗೆ ಹೋಗಿ ಚಹಾ ಮಾಡಿ ತಂದಳು. ಕುಡಿದೆವು.

ಬಸ್ಸಿನಲ್ಲಿ ಕೂತ ಮೇಲೆ ಅನ್ನಪೂರ್ಣಾ ಕವರ್ ಕಡೆ ನೋಡಿ, “ಹಂಗಾರ ಇದು ಯಾರ್ದಿರಬೇಕ್ರಿ ಮೇಡಂ?” ಎಂದಳು.

ಮನೆ ಅಂಗಡಿಯಲ್ಲ, ಮುಖ್ಯವಾಗಿ ವಾಸಕ್ಕೇ ಇದೆ, ಬೆಂಕಿಗೆ ಮನೆಯ ವೈರಿಂಗ್ ಕಾರಣ ಎಂದು ವರದಿ ಬರೆದೆ. ಗೋಡೆ, ಕಿಟಕಿ, ವೈರಿಂಗ್ ರಿಪೇರಿಗೆ ಕಂಪನಿ ಕೊಟ್ಟಿತು. ಸೀರೆಗಳಿಗೆ ಏನೂ ಬರಲಿಲ್ಲ. ಪಾಲಿಸಿಯ ಪ್ರಕಾರ ಅದು ಸರಿಯೇ. ನನಗೆ ಸಮಾಧಾನವೂ ಆಗಲಿಲ್ಲ, ಸಂಕಟವೂ ಆಗಲಿಲ್ಲ. ಅದು ತಿಳಿದ ಸಂಜೆಯೇ ಮರಿಯಮ್ಮನಹಳ್ಳಿಯ ಒಂದು ಲಾರಿ ಅಪಘಾತದ ಕಡತ ತೆರೆದು ಕೂತೆ.

ಕೆಲವು ತಿಂಗಳ ಮೇಲೆ ಬೇರೆ ಕೆಲಸಕ್ಕೆ ಸಂಡೂರಿಗೆ ಹೋದಾಗ ಆ ಮನೆಗೂ ಹೋದೆ. ಕೋಣೆಗೆ ಸುಣ್ಣ ಬಳಿದಿದ್ದರು. ಖಾಲಿ ಇತ್ತು. ಅನ್ನಪೂರ್ಣಾ ಈಗ ಗಿರಾಕಿಗಳ ಮನೆಗೇ ಹೋಗಿ, ಅವರ ಪಡಸಾಲೆಯಲ್ಲಿ ಕೂತು ಕುಚ್ಚು ಕಟ್ಟಿ ಬರುತ್ತಿದ್ದಳು. ನಾನು ತಿಳಿಸಿ ಹೇಳಿದೆ: ಮನೆಯಲ್ಲಿ ಕೆಲಸ ಮಾಡುವವರಿಗೆ ಬೇರೆ ಪಾಲಿಸಿ ಇದೆ, ಏನು ಕೆಲಸ ಎಂದು ಮೊದಲೇ ತಿಳಿಸಿ, ಗಿರಾಕಿಗಳು ಒಪ್ಪಿಸಿದ ಸಾಮಾನನ್ನೂ ಅದರಲ್ಲಿ ಸೇರಿಸಿಕೊಳ್ಳಬಹುದು.

ಆಕೆ ಪೂರ್ತಿ ಕೇಳಿಸಿಕೊಂಡಳು. “ಅದನ್ನ ಮಾಡಿಸಿದ್ರ, ಸುಟ್ಟ ಸೀರಿ ಬರತಾವೇನ್ರಿ?”

“ಸೀರೆ ಬರುವುದಿಲ್ಲ. ಹಣ ಬರುತ್ತದೆ.”

“ಹಂಗಾರ ಬ್ಯಾಡ್ರಿ. ಅವರ ಸೀರಿ ಅವರ ಮನ್ಯಾಗ ಇರ್ಲಿ.”

ನಾನು ನಿವೃತ್ತಳಾಗಿದ್ದೇನೆ. ಮನೆಗೆ ವಿಮೆ ಮಾಡಿಸಬೇಕೆಂದು ಪರಿಚಯದವರು ಈಗಲೂ ಸಲಹೆಗೆ ಕರೆಯುತ್ತಾರೆ. ಗೋಡೆ, ವೈರಿಂಗ್ ನೋಡುವ ಮೊದಲು, ಮನೆಯಲ್ಲಿ ಏನು ಕೆಲಸ ಮಾಡುತ್ತೀರಿ ಎಂದು ಹೆಂಗಸರನ್ನು ಕೇಳುವುದನ್ನು ಆ ಕೇಸು ನನಗೆ ಕಲಿಸಿತು. “ಏನಿಲ್ರಿ, ಮನ್ಯಾಗ ಇರ್ತೀನಿ,” ಎನ್ನುತ್ತಾರೆ. ಅವರ ಬೆನ್ನ ಹಿಂದೆ ಅಂಗಡಿಗೆ ಹೋಗಬೇಕಾದ ಜೋಳದ ರೊಟ್ಟಿಯ ಕಟ್ಟುಗಳು ಎದೆಮಟ್ಟ ಇರುತ್ತವೆ. ನಾನು ಕುರ್ಚಿ ಎಳೆದುಕೊಂಡು ಕೂತು ಇನ್ನೊಮ್ಮೆ ಕೇಳುತ್ತೇನೆ.