ಒಂಟಿ ಇಂಜಿನ್ನು, ಸೀಳಿದ ರೊಟ್ಟಿ

ಮೊನ್ನೆ ಹುಮನಾಬಾದಿನ ನಮ್ಮ ಮನೆಯಲ್ಲಿ ಜೋಳದ ಹಿಟ್ಟಿನ ಡಬ್ಬಿ ತೆರೆದೆ. ಬೆಳಿಗ್ಗೆ ಗಿರಣಿಯಿಂದ ಬಂದ ಹಿಟ್ಟು, ಮಧ್ಯಾಹ್ನವಾದರೂ ಬೆಚ್ಚಗೇ ಇತ್ತು. ಹುರಿದಂಥ, ಸ್ವಲ್ಪ ಸುಟ್ಟಂಥ ವಾಸನೆ ಮೂಗಿಗೆ ಬಡಿಯಿತು. ಒಲೆಯ ಮುಂದೆ ನನ್ನ ಸೊಸೆ ನಿಂತಿದ್ದಳು. ಮದುವೆಯಾಗಿ ಇನ್ನೂ ತಿಂಗಳು ತುಂಬಿಲ್ಲ. ತಟ್ಟೆಯಲ್ಲಿ ನಡುವೆ ಸೀಳಿದ ರೊಟ್ಟಿ. ಹುಡುಗಿ ನನ್ನತ್ತ ನೋಡಿದ ರೀತಿ... ಅಯ್ಯೋ, ಆ ಮುಖ ನನಗೆ ಗೊತ್ತು. ಮುಡಬಿಯಲ್ಲಿ ನಾನೂ ಒಮ್ಮೆ ಹಾಗೆಯೇ ನಿಂತಿದ್ದೆ. ಆಗ ನನ್ನ ಮಾನ ಉಳಿಸಿದವರು ಪಕ್ಕದ ಮನೆಯ ಗಿರಣಿ ಕಾಕಾ.

ಬಸವಕಲ್ಯಾಣದ ನನ್ನ ತವರಿನಲ್ಲಿ ನನ್ನ ರೊಟ್ಟಿಗೆ ಹೆಸರಿತ್ತು. ಸುಳ್ಳಲ್ಲ, ಬೇಕಾದರೆ ನನ್ನ ತಮ್ಮಂದಿರನ್ನು ಕೇಳಿ. ಮುಡಬಿಗೆ ಸೊಸೆಯಾಗಿ ಬಂದ ಮರುದಿನವೇ ಅತ್ತೆ ಹಂಚು ನನಗೆ ಒಪ್ಪಿಸಿ ಒಲೆಯ ಕಡೆ ಬರುವುದನ್ನೇ ಬಿಟ್ಟರು. ಹೊಸ ಸೊಸೆಯ ರೊಟ್ಟಿ ನೋಡಲು ಓಣಿಯ ಹೆಂಗಸರು ಏನಾದರೊಂದು ನೆಪ ಮಾಡಿಕೊಂಡು ಬರುವುದು ಅಲ್ಲಿಯ ರೂಢಿ. ಬಂದರು, ನೋಡಿದರು. ರೊಟ್ಟಿ ಬಡಿಯುವಾಗಲೇ ಅಂಚು ಬಿಚ್ಚಿತು, ಹಂಚಿನ ಮೇಲೆ ನಡು ಸೀಳಿತು. ಎಸರು ಹೆಚ್ಚು ಹಾಕಿದೆ, ಕಡಿಮೆ ಹಾಕಿದೆ, ನಾದಿ ನಾದಿ ಮಣಿಕಟ್ಟು ನೋಯಿತು. ಊಹೂಂ!

“ನಿಮ್ಮವ್ವ ರೊಟ್ಟಿ ಬಡಿಯೋದು ಕಲಿಸಿಲ್ಲೇನು?” ಎಂದರು ಅತ್ತೆ. ನನ್ನನ್ನು ಅಂದಿದ್ದರೆ ನುಂಗಿಕೊಳ್ಳುತ್ತಿದ್ದೆ, ಅವ್ವನನ್ನು ಅಂದದ್ದು ಕರುಳಿಗೆ ಚುಚ್ಚಿತು. ಗಂಡ ಚೂರುಗಳನ್ನು ಬೇಳೆಯಲ್ಲಿ ಕಲಸಿ ಉಂಡು ಎದ್ದು ಹೋಗುತ್ತಿದ್ದರು. ಕೊನೆಗೆ, ತವರಿಗೆ ಹೋಗಿ ಕಲಿತು ಬರಲಿ ಎಂಬ ಮಾತೂ ಬಂತು. ರೊಟ್ಟಿ ಬಾರದವಳು ಎಂದು ತವರಿಗೆ ಮರಳುವುದೆಂದರೆ... ಅವ್ವನ ಮುಖ ಹೇಗೆ ನೋಡಲಿ?

ನನ್ನ ಮದುವೆಯ ಹೊತ್ತಿಗೇ ಕಾಕಾ ತಮ್ಮ ಗಿರಣಿಗೆ ಹೊಸ ಇಂಜಿನ್ನು ತಂದಿದ್ದರು. ಮೊದಲು ಇದ್ದದ್ದು ಒಂದೇ ಸಿಲಿಂಡರಿನದು. ಪಕ್ಕದಲ್ಲಿ ಆಳೆತ್ತರದ ಭಾರದ ಗಾಲಿ, ಧಗ್... ಧಗ್... ಎಂದರೆ ನಮ್ಮ ಮನೆಯ ಗೋಡೆ ನಡುಗಿ ಗೋಡೆಗೂಡಿನ ಪಾತ್ರೆಗಳು ಸದ್ದು ಮಾಡುತ್ತಿದ್ದವಂತೆ. ಅದನ್ನು ಹುಮನಾಬಾದಿನ ಗುಜರಿಗೆ ಹಾಕಿ, ಹಳೆಯ ಲಾರಿಯ ಇಂಜಿನ್ನು ಕೂಡಿಸಿದ್ದರು. ಸಾಲಾಗಿ ನಾಲ್ಕು ಸಿಲಿಂಡರು. “ಒಬ್ಬನೇ ದುಡಿಯೋ ಮನಿಗೂ ನಾಕು ಮಂದಿ ಅಣ್ಣತಮ್ಮರು ದುಡಿಯೋ ಮನಿಗೂ ಫರಕ್ ಇಲ್ಲೇನ್ರಿ?” ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೇ ತಿರುಗಿದ್ದು. ನಿಜವೇ, ನಡುಕವಿಲ್ಲ, ಒಂದೇ ಸಮ ಗುಂಯ್ ಎನ್ನುತ್ತಿತ್ತು. ಬುಟ್ಟಿ ಇಳಿಸಿ ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಹಿಟ್ಟು ತಯಾರು.

ಒಂದು ದಿನ ಆ ಇಂಜಿನ್ನಿನ ನೀರು ಕುದಿದು ಗಿರಣಿ ನಿಂತಿತು. ಮನೆಯಲ್ಲಿ ಹಿಟ್ಟಿಲ್ಲ. ಅತ್ತೆ ಮೂಲೆಯ ಬೀಸುಕಲ್ಲು ಎಳೆದರು. ನಾವಿಬ್ಬರೂ ಎದುರುಬದುರು ಕೂತು ಒಂದೇ ಗೂಟ ಹಿಡಿದು ಬೀಸಿದೆವು. ಆ ಹಿಟ್ಟಿನ ರೊಟ್ಟಿ, ಏನು ಹೇಳಲಿ, ಎಲೆಯಂತೆ ತೆಳ್ಳಗೆ ಬಂತು, ಹಂಚಿನ ಮೇಲೆ ಉಬ್ಬಿತು! ಅತ್ತೆ ಒಮ್ಮೆ ರೊಟ್ಟಿ ನೋಡಿದರು, ಒಮ್ಮೆ ನನ್ನ ಕೈ ನೋಡಿದರು.

ಅಷ್ಟರಲ್ಲಿ ಕಾಕಾ, ನಾಳೆ ಗಿರಣಿ ಶುರು ಎಂದು ಹೇಳಲು ಬಂದರು. ಅತ್ತೆ ರೊಟ್ಟಿ ಕೊಟ್ಟರು. ಕಾಕಾ ಮಡಚಿದರು, ರೊಟ್ಟಿ ಮುರಿಯಲಿಲ್ಲ. ಹಿಂದಿನ ದಿನ ಅದೇ ಕೈಯ ರೊಟ್ಟಿ ಚೂರಾದದ್ದನ್ನು ಅವರು ಕಂಡಿದ್ದರು. ಉಣ್ಣುವುದನ್ನು ಬಿಟ್ಟು ಎದ್ದು ಹೋಗಿ ಗಿರಣಿಯಿಂದ ಹಿಡಿ ಹಿಟ್ಟು ತಂದು, ಅಂಗೈಯಲ್ಲಿ ನೀರು ಹಾಕಿ ಒತ್ತಿದರು. ಜಿಗಿಯೇ ಇಲ್ಲ, ಉದುರಿತು. ಹೊಸ್ತಿಲ ಬಳಿ ಕೂತರು.

“ವೈನಿ, ನಿಮ್ಮ ಸೊಸೀದು ಏನೂ ಗಲತಿ ಇಲ್ಲ, ಗಲತಿ ನಂದು. ಜೋರಿನ ಇಂಜಿನ್ನಿಗೆ ಕಲ್ಲು ತಿರುಗಿಸೋ ಹಳೇ ಪಟ್ಟಾ, ಪಟ್ಟಾದ ಹಳೇ ಗಾಲೀನೇ ಹಚ್ಚೀನಿ. ಕಲ್ಲು ಭಾಳ ಜೋರ್ ತಿರುಗಿ, ಕಾದು ಹಿಟ್ಟು ಸುಡಾಕತ್ತದ.”

ನಾನು ಹಿತ್ತಿಲಿಗೆ ಹೋಗಿ ಅತ್ತುಬಿಟ್ಟೆ. ಎದೆಯ ಮೇಲಿನ ಕಲ್ಲು ಇಳಿದ ಅಳು ಅದು. ಕಾಕಾ ಅಷ್ಟಕ್ಕೇ ಬಿಡಲಿಲ್ಲ. ಹೊಸ ಇಂಜಿನ್ನನ್ನು ಹೊಗಳಿದ್ದ ಅದೇ ಬಾಯಿಯಿಂದ, ನಳದ ಹತ್ತಿರ ನಿಂತು ಎಲ್ಲರಿಗೂ ಹೇಳಿದರು. ಆಗ ನೋಡಿ ಹೆಂಗಸರ ಬಾಯಿ ಬಿಚ್ಚಿದ್ದು! ಊರಿಗೆ ಊರೇ ಸೀಳಿದ ರೊಟ್ಟಿ ತಿನ್ನುತ್ತಿತ್ತು. ಒಬ್ಬಳು ಜೋಳ ಹಳೆಯದು ಎಂದುಕೊಂಡಿದ್ದಳು, ಇನ್ನೊಬ್ಬಳು ನೀರು ಸರಿಯಿಲ್ಲ ಎಂದು. ತನ್ನ ರೊಟ್ಟಿ ಸೀಳುತ್ತದೆ ಎಂದು ಯಾವ ಹೆಂಗಸು ತಾನೇ ಹೇಳಿಕೊಳ್ಳುತ್ತಾಳೆ? ನನ್ನ ರೊಟ್ಟಿ ನೋಡಿ ಮೂಗು ಮುರಿದವರೂ ಆ ಗುಂಪಿನಲ್ಲಿದ್ದರು.

ಹಳೆಯ ಇಂಜಿನ್ನು ತರಲು ಕಾಕಾ ಹುಮನಾಬಾದಿಗೆ ಹೊರಟರು. ಗುಜರಿಯವನು ಒಡೆದು ಹಾಕಿದ್ದರೆ? ಆ ಇಡೀ ದಿನ ನನಗೆ ಅದೇ ಚಿಂತೆ. ಸಂಜೆ ಟೆಂಪೋದ ಮೇಲೆ ಮೊದಲು ಕಂಡದ್ದು ಭಾರದ ಗಾಲಿ, ಆಮೇಲೆ ಕಾಕಾನ ನಗು. ಮೂಲೆಯಲ್ಲಿ ಇಡಿಯಾಗಿಯೇ ಬಿದ್ದಿತ್ತಂತೆ.

“ಅಲ್ಲಿ ಕಾರ್ಖಾನಿ ಜನರೇಟರಿಂದು ಒಂದು ಇಂಜಿನ್ ನೋಡಿದೆ ವೈನಿ. ಮ್ಯಾಲ ಎರಡು ಸಾಲು ಆ ಕಡಿಗೊಂದು ಈ ಕಡಿಗೊಂದು ವಾಲಿ ಕುಂತಾವ, ಕೆಳಗ ಎರಡೂ ಒಂದೇ ದಂಡ ತಿರುಗಸ್ತಾವ. ಥೇಟ್ ನೀವು ಅತ್ತಿ ಸೊಸಿ ಬೀಸಾಕ ಕುಂತಂಗ!” ಗುಜರಿಯವನು ಅದನ್ನೇ ಒಯ್ಯಿರಿ ಎಂದನಂತೆ. “ಅದನ್ನ ಒಳಗ ಇಟ್ರ ಗಿರಣಿ ಹೊರಗ ಇಡಬೇಕಾಗ್ತದ” ಎಂದು ಕಾಕಾ ನಕ್ಕರು. ಒಂದು ಸಾಲಿನದು ಸಡಕಿನ ಲಾರಿಗೆ, ಎರಡು ಸಾಲಿನದು ಕಾರ್ಖಾನೆಗೆ, ಹಿಟ್ಟಿಗೆ ಮಾತ್ರ ಒಂಟಿಯೇ ಸರಿ ಎಂಬುದು ಅವರ ತೀರ್ಮಾನ. “ಒಂದು ಗುದ್ದು ಹೊಡದು, ಮುಂದಿಂದು ಗಾಲಿ ಮ್ಯಾಲ ಬಿಟ್ಟು ದಮ್ ತಗೋತದ. ಕಲ್ಲಿಗೆ ಅವಸರ ಬ್ಯಾಡ.”

ಮರುದಿನ ಗೋಡೆ ನಡುಗಿತು, ಪಾತ್ರೆಗಳು ಸದ್ದು ಮಾಡಿದವು. ಎಷ್ಟು ಹಿತವಾಗಿತ್ತು! ಅತ್ತೆ ತಪ್ಪಾಯಿತು ಎನ್ನಲಿಲ್ಲ, ಎನ್ನುವ ಪೈಕಿಯೂ ಅಲ್ಲ. ಆದರೆ ಅಂದಿನಿಂದ ಎಸರು ತಾವೇ ಕಾಸಿ ಕೊಡತೊಡಗಿದರು.

ಈಗ ಕಾಕಾ ಇಲ್ಲ, ಆ ಗಿರಣಿಯೂ ಇಲ್ಲ. ಸುದ್ದಿ ತಡವಾಗಿ ಮುಟ್ಟಿ ಮಣ್ಣಿಗೂ ಹೋಗಲಾಗಲಿಲ್ಲ... ಅದೊಂದು ಕೊರಗು ಹಾಗೆಯೇ ಉಳಿದಿದೆ.

ಡಬ್ಬಿಯಿಂದ ಹಿಡಿ ಹಿಟ್ಟು ತೆಗೆದು, ಅಂಗೈಯಲ್ಲಿ ನೀರು ಹಾಕಿ ಒತ್ತಿದೆ. ಉದುರಿತು.

“ನಿಂದು ಏನೂ ಗಲತಿ ಇಲ್ಲವ್ವ” ಎಂದೆ. “ಹಿಟ್ಟು ಸುಟ್ಟದ.”

ಹುಡುಗಿ ಒಲೆ ಆರಿಸಿ ತಟ್ಟೆಯನ್ನು ನಡುವೆ ಇಟ್ಟಳು. ಸೀಳಿದ ರೊಟ್ಟಿಯನ್ನು ಇಬ್ಬರೂ ಎದುರುಬದುರು ಕೂತು ತಿಂದೆವು.