ಸಕ್ಕರೆ ಅಣ್ಣನ ಅರ್ಜಿ

ಬಸ್ ಡಿಪೋದಲ್ಲಿ ಅವನನ್ನು ಎಲ್ಲರೂ ಕರೆಯುವುದು ಸಕ್ಕರೆ ಅಣ್ಣ ಎಂದು. ಇಪ್ಪತ್ತಾರು ವರ್ಷ ಸ್ಟೇರಿಂಗ್ ಹಿಡಿದದ್ದಕ್ಕೆ ಸಿಕ್ಕ ಬಿರುದು. ಈಗ ಸಕ್ಕರೆ ಕಾಯಿಲೆಗೆ ಬಲಗಾಲು ಜೋಮು ಹಿಡಿದಿದೆ. ಬ್ರೇಕಿನ ಮೇಲೆ ಕಾಲಿದೆಯೋ ಇಲ್ಲವೋ ಎಂದು ಬಗ್ಗಿ ನೋಡಿಕೊಳ್ಳಬೇಕು. ಹಿಂದೆ ಕೂತ ಐವತ್ತು ಜನಕ್ಕೆ ಅದು ಗೊತ್ತಿಲ್ಲ. ಟಿಕೆಟ್ ಕೌಂಟರಿನ ಕೆಲಸ ಕೊಡಿ ಎಂದು ಅರ್ಜಿ ಹಾಕಿದ್ದ.

ಅರ್ಜಿಯಲ್ಲೊಂದು ಪ್ರಶ್ನೆ: ಈ ಕಾಯಿಲೆ ಮನೆಯಲ್ಲಿ ಯಾರಿಗಾದರೂ ಇತ್ತೆ? ಅಪ್ಪನಿಗಿತ್ತು, ಅಣ್ಣನಿಗಿತ್ತು. ಸುಳ್ಳು ಹೇಳಿ ಅಭ್ಯಾಸವಿಲ್ಲದವನು 'ಹೌದು' ಎಂದು ಗುರುತು ಹಾಕಿದ. ಅಲ್ಲೇ ಕೆಟ್ಟಿತು.

ಬೆಳಗಿನ ಮೊದಲ ಟ್ರಿಪ್ಪು ಮುಗಿಸಿ, ಅಕ್ಕನನ್ನು ಕರೆದುಕೊಂಡು ಅವನು ಆಫೀಸಿನ ಕಿಟಕಿಗೆ ಹೋದ.

"ಇದು ಮನೆತನದ ಕಾಯಿಲೆ ಅಣ್ಣ," ಎಂದ ಗುಮಾಸ್ತ, ತಲೆಯೆತ್ತದೆ. "ಕೆಲಸದಿಂದ ಬಂದಿದ್ದಲ್ಲ. ಕೌಂಟರ್ ಸಿಗಲ್ಲ. ಬೈಯೋದಾದ್ರೆ ನಿಮ್ಮಪ್ಪನ್ನ ಬೈಕೋ."

ಅಕ್ಕ ಮುಂದೆ ಬಂದಳು. "ನನ್ನ ನೋಡಪ್ಪ. ಅದೇ ಅಪ್ಪನ ಮಗಳು. ಅಂಚೆ ಹಂಚ್ತಾ ದಿನಾ ಊರೆಲ್ಲಾ ನಡೀತೀನಿ. ನಂಗೂ ಸಕ್ಕರೆ ಒಂಚೂರು ಜಾಸ್ತೀನೇ, ಆದ್ರೆ ಡಾಕ್ಟ್ರು ಇನ್ನೂ ಮಾತ್ರೆ ಬರೆದಿಲ್ಲ. ರಕ್ತದಲ್ಲಿ ಸ್ವಲ್ಪ ಬಂದಿರುತ್ತಂತೆ, ಮಿಕ್ಕಿದ್ದು ಬದುಕೋ ರೀತಿ ಸೇರಿಸುತ್ತಂತೆ. ಇವನಿಗೆ ಸೇರಿಸಿದ್ದು ಯಾರು?"

ಯಾರೆಂದು ಅವನಿಗೆ ಗೊತ್ತು. ಬಸ್ಸು ನಿಲ್ಲಿಸಿದರೆ ದಾರಿಯ ಹೋಟೆಲುಗಳಲ್ಲಿ ಡ್ರೈವರಿಗೆ ಟೀ ಬಿಟ್ಟಿ, ಸಕ್ಕರೆ ಧಾರಾಳ. ದಿನಕ್ಕೆ ಎಂಟು ಲೋಟ, ಇಲ್ಲದಿದ್ದರೆ ಕಣ್ಣು ಎಳೆಯುತ್ತದೆ. ಊಟಕ್ಕೆ ಹತ್ತು ನಿಮಿಷ, ನಿದ್ದೆಗೆ ನಾಲ್ಕು ಗಂಟೆ, ಹನ್ನೆರಡು ಗಂಟೆ ಕೂತಲ್ಲೇ. ಅಪ್ಪನೂ ಇದೇ ರೂಟಿನಲ್ಲಿ ಹೀಗೇ ಕೂತಿದ್ದ. ಅಣ್ಣನೂ. ಮೂವರನ್ನು ಒಂದೇ ಕೆಲಸ ಹಿಂಡಿದರೂ ಡಿಪೋದ ಕಣ್ಣಿಗೆ ಬೀಳುವುದು ರಕ್ತ ಮಾತ್ರ. ಎಂಥ ಅನುಕೂಲದ ಕುರುಡು!

ಅವನು ಅರ್ಜಿ ಎಳೆದುಕೊಂಡು 'ಹೌದು' ಎಂಬುದರ ಕೆಳಗೆ ಬರೆದ: ಅಪ್ಪ, ಇದೇ ಡಿಪೋ. ಅಣ್ಣ, ಇದೇ ಡಿಪೋ. ನಾನೂ.

"ಅಲ್ಲಿ ಬರೆಯೋಕೆ ಜಾಗ ಇಲ್ಲ ಮಹರಾಯ!"

"ಮಾಡ್ಕೊಂಡೆ ಸಾರ್."

"ಸರಿ, ಮೇಲಿನವ್ರು ನೋಡ್ತಾರೆ. ತಿಂಗಳಾಗುತ್ತೆ. ಅಲ್ಲೀವರೆಗೂ ಅದೇ ರೂಟು. ಎರಡನೇ ಟ್ರಿಪ್ಪಿಗೆ ಹೊತ್ತಾಯ್ತು, ಹೊರಡಣ್ಣ."

ಸಕ್ಕರೆ ಅಣ್ಣ ಜೇಬಿನಿಂದ ಬಸ್ಸಿನ ಕೀ ತೆಗೆದು ಕಿಟಕಿಯೊಳಗೆ ತಳ್ಳಿದ. "ಕಾಲಿಗೆ ಬ್ರೇಕ್ ಗೊತ್ತಾಗ್ತಿಲ್ಲ ಸಾರ್. ಆದ್ರೂ ಓಡಿಸು ಅಂತ ಒಂದು ಚೀಟಿ ಬರೆದು ಸೈನ್ ಹಾಕಿ. ಹೋಗ್ತೀನಿ."

ಗುಮಾಸ್ತ ಪೆನ್ನು ಎತ್ತಿಕೊಂಡ. ಮತ್ತೆ ಕೆಳಗಿಟ್ಟ.

ಹೊರಗೆ ಬಸ್ಸಿನಲ್ಲಿ ಕೂತವರು ಕೂಗಾಡತೊಡಗಿದ್ದರು. ಇಳಿಯಿರಿ ಎಂದು ಅವರಿಗೆ ಯಾರಾದರೂ ಹೇಳಬೇಕಿತ್ತು. ಅಕ್ಕ ಬೆಂಚಿನ ಮೇಲೆ ಸರಿದು ಜಾಗ ಮಾಡಿದಳು, ಅವನು ಕುಸಿದು ಕೂತ. ಎದ್ದುಹೋಗಿ ಹೇಳುವಷ್ಟು ತ್ರಾಣ ಅವನಲ್ಲಿ ಉಳಿದಿರಲಿಲ್ಲ.